ಹೆಸರು ಬೇಕಿಲ್ಲ

ಮೂರನೆಯ ಪಿರಿಯಡ್ಡಿನ ನಡುವೆ ಜವಾನ ಬಾಗಿಲಲ್ಲಿ ನಿಂತು ಹೆಡ್ಮಾಸ್ತರು ಕರೆಯುತ್ತಿದ್ದಾರೆ ಎಂದಾಗ, ತಾನೇನು ತಪ್ಪು ಮಾಡಿದೆ ಎಂಬ ಪ್ರಶ್ನೆ ಸನೋಬರ್‌ಗೆ ಹುಟ್ಟಲಿಲ್ಲ. ಗೊತ್ತಾಗಿಹೋಯಿತೇ ಎಂಬ ಪ್ರಶ್ನೆ ಹುಟ್ಟಿತು. ಹಲಗೆಯ ಮೇಲೆ ಬರೆಯುತ್ತಿದ್ದ ಸಾಲನ್ನು ಅರ್ಧಕ್ಕೆ ಬಿಟ್ಟಳು. ಬೆರಳಿಗೆ ಹತ್ತಿದ ಸೀಮೆಸುಣ್ಣವನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಒರೆಸಿದ್ದು ಕಪ್ಪು ಬಟ್ಟೆಯ ಮೇಲೆ ಬೆಳ್ಳಗೆ ಕಾಣುತ್ತದೆಂದು ಆ ತುದಿಯನ್ನು ಮುಷ್ಟಿಯಲ್ಲಿ ಮುದುರಿ ಹಿಡಿದು ಕಾರಿಡಾರಿನಲ್ಲಿ ನಡೆದಳು. ದಸರೆ ರಜೆ ಮುಗಿದು ಶಾಲೆ ತೆರೆದಾಗಿನಿಂದ ಹೀಗೇ. ಯಾರಾದರೂ ಹೆಸರು ಹಿಡಿದು ಕರೆದರೆ ಬೆನ್ನು ಬಿಗಿಯುತ್ತಿತ್ತು. ಹರಿಹರದ ಮನೆಯಲ್ಲಿ ಊಟಕ್ಕೆ ಕೂತಾಗ ಬಿಕ್ಕಳಿಕೆ ಬಂದರೆ, ಅಮ್ಮೀ ಖತೀಜಾಬೀ ನೀರಿನ ಲೋಟ ಮುಂದೆ ತಳ್ಳಿ, ಯಾರೋ ನಿನ್ನನ್ನು ನೆನೆಯುತ್ತಿದ್ದಾರೆ ನೋಡು ಎನ್ನುತ್ತಿದ್ದಳು. ಹಿಂದೆಲ್ಲ ನಗು ಬರುತ್ತಿದ್ದ ಆ ಮಾತಿಗೆ ಈಗ ಬಿಕ್ಕಳಿಕೆಯೇ ನಿಂತುಹೋಗುತ್ತಿತ್ತು. ನೆನೆಯುವವರು ಯಾರೆಂದು ಅವಳಿಗೆ ಗೊತ್ತಿತ್ತು. ಸತ್ತವರೂ ನೆನೆಯುತ್ತಾರೆಯೇ ಎಂದು ಅಮ್ಮೀಯನ್ನು ಕೇಳಬೇಕೆನಿಸಿ, ಕೇಳದೆ, ನೀರು ಕುಡಿದು ಏಳುತ್ತಿದ್ದಳು.

ಹೆಡ್ಮಾಸ್ತರು ವಾಮದೇವಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೂತಿದ್ದರು. ಹಣೆಯ ಮೇಲಿನ ವಿಭೂತಿ ಬೆವರಿಗೆ ಒಂದು ಕಡೆ ಅಳಿಸಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಆಡಳಿತ ಮಂಡಳಿಯೊಂದಿಗೆ ಗುದ್ದಾಡಿ ಶಾಲೆಗೆ ಕಂಪ್ಯೂಟರು ತರಿಸಿದವರು; ಗಾದಿ ಹೊಲಿಯುವ ಮಸ್ತಾನಸಾಬರ ಮಗಳಾದ ಅವಳನ್ನು, ಕಂಪ್ಯೂಟರ್ ಡಿಪ್ಲೊಮಾ ಒಂದನ್ನೇ ನೋಡಿ, ಬೇರೆ ಯಾರ ಮಾತನ್ನೂ ಕೇಳದೆ ಕೆಲಸಕ್ಕೆ ತೆಗೆದುಕೊಂಡವರು. ಎರಡು ಸಾವಿರದ ಇಸವಿ ಬಂದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವಂತೆ, ನಮ್ಮವೂ ಹೋಗುತ್ತವೆಯೇ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದರು. ಈಗ ಕೇಳಿದ್ದು ಅದಲ್ಲ. ಹತ್ತನೆಯ ತರಗತಿಯ ಸ್ನೇಹಾಳ ತಾಯಿ, ಕೊಟ್ಟೂರೇಶ್ ಅವರ ಹೆಂಡತಿ, ಬೆಳಿಗ್ಗೆ ಬಂದಿದ್ದರಂತೆ. ಮಗಳು ತೀರಿಕೊಂಡ ಮೇಲೆ ಮೊದಲ ಸಲ ಮನೆಯ ಕಂಪ್ಯೂಟರು ಹಚ್ಚಿದರಂತೆ. ಶಾಲೆಯ ವೆಬ್‌ಸೈಟು ತೆರೆದರೆ ಅದು 'ವೆಲ್‌ಕಮ್ ಬ್ಯಾಕ್, ಸ್ನೇಹಾ' ಎಂದಿತಂತೆ. ಆಯಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಮಗಳ ಹೆಸರು ಓದಲು ಬರುತ್ತದೆ. ಮಣ್ಣು ಮಾಡಿ ಬಂದಿದ್ದೇವೆ, ನಿಮ್ಮ ಶಾಲೆಗೆ ಇನ್ನೂ ಗೊತ್ತಿಲ್ಲವೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದರಂತೆ.

ಇಷ್ಟು ಹೇಳಿ ವಾಮದೇವಪ್ಪ ಕನ್ನಡಕ ಹಾಕಿಕೊಂಡರು. ಹಾಕಿಕೊಂಡ ಮೇಲೆ ಅವಳನ್ನು ನೋಡಲಿಲ್ಲ.

"ಇಲ್ಲೇ ಐತೆ ಮನೆ, ಎರಡನೇ ಕ್ರಾಸು. ಹೋಗಿ ಅದನ್ನ ಅಳಿಸಿ ಬರ್ರಿ. ಬ್ಯಾರೆ ಏನೂ ಮಾತಾಡಬ್ಯಾಡ್ರಿ."

ಅವಳು ಆಗಲಿ ಎಂದು ತಿರುಗಿದಳು. ಬಾಗಿಲು ದಾಟುವಾಗ ಅವರು ಮತ್ತೆ ಕರೆದರು. ವೆಬ್‌ಸೈಟಿನ ಆ ಪ್ರಶ್ನೆಗಳ ಪುಟದಲ್ಲಿ ಆ ಹುಡುಗಿ ಯಾವಾಗಲಾದರೂ ಏನಾದರೂ, ಎಂದು ಶುರು ಮಾಡಿ, ಅವಳ ಮುಖದಲ್ಲಿ ಏನು ಕಂಡರೋ, ಅಂಗೈ ಎತ್ತಿ ತಡೆದರು. "ಬ್ಯಾಡ. ಹೇಳಬ್ಯಾಡ್ರಿ," ಎಂದು ಮೇಜಿನ ಮೇಲಿನ ಕಾಗದಗಳ ಕಡೆ ಬಗ್ಗಿದರು.

ದೇವರಾಜ ಅರಸು ಬಡಾವಣೆಯ ರಸ್ತೆಗಳಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಹೊಸ ಮನೆಗಳ ಕಾಂಪೌಂಡುಗಳ ಮೇಲೆ ಒಣಹಾಕಿದ ಹಪ್ಪಳ, ಯಾರದೋ ಮನೆಯ ಪ್ರೆಶರ್ ಕುಕ್ಕರಿನ ಸೀಟಿ. ಗೇಟಿಗೆ ಕಟ್ಟಿದ ನಾಯಿಯೊಂದು ಬೊಗಳಲೂ ಬೇಸರವಾಗಿ ಅವಳನ್ನು ನೋಡಿತು. ಹೇಳಬ್ಯಾಡ್ರಿ ಎಂದವರ ದನಿಯಲ್ಲಿ ಅವಳಿಗೆ ತನ್ನದೇ ದನಿ ಕೇಳಿಸಿತ್ತು. ತಿಳಿಯುವುದು ಬೇಡ ಎನ್ನುವವರ ಜಾತಿಯೇ ಬೇರೆ, ತಾನೂ ಅವರೂ ಅದೇ ಜಾತಿ ಎಂದುಕೊಂಡಳು. ವೆಬ್‌ಸೈಟು ಮಾಡಿದ್ದು ಅವಳೇ. ಜೂನಿನಲ್ಲಿ ಅದು ತಯಾರಾದಾಗ ಹತ್ತನೆಯ ತರಗತಿಯವರನ್ನು ಲ್ಯಾಬಿನಲ್ಲಿ ಕೂಡಿಸಿ, ಮೊದಲ ಸಲ ಬಂದವರ ಹೆಸರನ್ನು ಸೈಟು ಕೇಳುತ್ತದೆ, ಆಮೇಲೆ ಅವರ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಗುರುತು ಇಟ್ಟು ಬರುತ್ತದೆ, ಮುಂದಿನ ಸಲ ಆ ಗುರುತು ನೋಡಿ ಇವರು ಇಂಥವರೆಂದು ಹಿಡಿಯುತ್ತದೆ ಎಂದು ವಿವರಿಸಿದ್ದಳು. ಅದಕ್ಕೆ ಕುಕಿ ಎನ್ನುತ್ತಾರೆ ಎಂದಾಗ ಹುಡುಗರೆಲ್ಲ ಬಿಸ್ಕತ್ತೆಂದು ನಕ್ಕಿದ್ದರು. ಸ್ನೇಹಾ ನಗಲಿಲ್ಲ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆಯ, ಎಲ್ಲವನ್ನೂ ಎರಡು ಸಲ ಕೇಳುವ ಹುಡುಗಿ. ಆ ಗುರುತು ಎಷ್ಟು ದಿನ ಇರುತ್ತದೆ ಎಂದು ಕೇಳಿದ್ದಳು. ನಾನು ಎಲ್ಲಿಯವರೆಗೆ ಇರು ಅನ್ನುತ್ತೇನೋ ಅಲ್ಲಿಯವರೆಗೆ ಎಂದು ಸನೋಬರ್ ಹೇಳಿದ್ದಳು. ಹೇಳುವಾಗ ಎಷ್ಟು ಹೆಮ್ಮೆಯಿತ್ತು. ಆ ಹೆಮ್ಮೆ ಈಗ ಬಿಸಿಲಿನಲ್ಲಿ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಪ್ರಶ್ನೆಗಳ ಪುಟವೂ ಅವಳದೇ ಯೋಚನೆ. ಮಕ್ಕಳು ಎದುರಿಗೆ ಕೇಳಲಾಗದ್ದನ್ನು ಅಲ್ಲಿ ಬರೆಯಬಹುದು, ಹೆಡ್ಮಾಸ್ತರು ಉತ್ತರ ಕೊಡುತ್ತಾರೆ. ಪರದೇಶದ ಶಾಲೆಗಳ ಸೈಟುಗಳನ್ನು ನೋಡುತ್ತಿದ್ದಾಗ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಬಂದವರ ಗುಟ್ಟನ್ನು ಹೇಗೆ ಕಾಯುತ್ತೇವೆ, ಯಾವ ಗುರುತು ಇಡುತ್ತೇವೆ, ಯಾವುದನ್ನು ಇಡುವುದಿಲ್ಲ ಎಂದು ಬರೆದಿರುವುದನ್ನು ಓದಿ ಅವಳಿಗೆ ಏನೋ ಒಂದು ಬಗೆಯ ಬೆರಗಾಗಿತ್ತು. ಹೆಸರು ಹೇಳದೆ ಒಳಗೆ ಬರಬಹುದಾದ ಮನೆ. ತನ್ನ ಹೆಸರು ಹೇಳಿದ ಕೂಡಲೇ ಎದುರಿನವರ ಮುಖದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅವಳು ಚಿಕ್ಕಂದಿನಿಂದ ನೋಡುತ್ತ ಬಂದಿದ್ದಳು. ಬಾಡಿಗೆ ರೂಮು ಕೇಳಲು ಹೋದಾಗ, ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದಾಗ, ಹಾಜರಿ ಕರೆದಾಗ. ಯಾರೂ ಏನೂ ಅನ್ನುತ್ತಿರಲಿಲ್ಲ. ಮುಖ ಮಾತ್ರ ಒಂದು ಕ್ಷಣ ತಡೆದು ಮತ್ತೆ ಸರಿಹೋಗುತ್ತಿತ್ತು. ಆದ್ದರಿಂದ ಪ್ರಶ್ನೆಗಳ ಪುಟದ ನೆತ್ತಿಯ ಮೇಲೆ ಅವಳು ದಪ್ಪ ಅಕ್ಷರಗಳಲ್ಲಿ ಬರೆದಳು: ಇಲ್ಲಿ ನಿಮ್ಮ ಹೆಸರು ಬೇಕಿಲ್ಲ. ನೀವು ಯಾರೆಂದು ನಾವು ತಿಳಿದುಕೊಳ್ಳುವುದಿಲ್ಲ.

ತಿಳಿದುಕೊಳ್ಳಲು ಆಗುವುದಿಲ್ಲ ಎಂದು ಬರೆದಿರಲಿಲ್ಲ. ಬರೆದರೆ ಸುಳ್ಳಾಗುತ್ತಿತ್ತು. ಮೊದಲ ಪುಟದಲ್ಲಿ ಹೆಸರು ಕೊಟ್ಟವರ ಗುರುತು, ಆ ಮನೆಯ ಕಂಪ್ಯೂಟರಿನಿಂದ ಯಾವ ಪುಟಕ್ಕೆ ಹೋದರೂ ಹಿಂದೆಯೇ ಬರುತ್ತಿತ್ತು. ಹೆಸರಿಲ್ಲದ ಪ್ರಶ್ನೆಯ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆ ಯಾರದೆಂದು ಇನ್ನೊಂದು ಫೈಲು ತೆರೆದರೆ ಕಾಣುತ್ತಿತ್ತು. ತೆರೆಯುವುದಿಲ್ಲ ಎಂಬುದಷ್ಟೇ ಅವಳ ಮಾತು.

ದಸರೆಗೆ ಮುಂಚಿನ ವಾರ ಬಂದ ಪ್ರಶ್ನೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿತ್ತು. ಊಟ ಸೇರುತ್ತಿಲ್ಲ, ಕಣ್ಣು ಹಳದಿಯಾಗಿದೆ. ಅಮ್ಮ ಹಳ್ಳಿಯಿಂದ ಸೊಪ್ಪಿನ ಔಷಧಿ ತಂದು ಕುಡಿಸುತ್ತಾಳೆ. ಅದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅಮ್ಮನಿಗೆ ಗೊತ್ತಾಗದ ಹಾಗೆ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತೇನೆ. ಹೇಳಿದರೆ ನೊಂದುಕೊಳ್ಳುತ್ತಾಳೆ. ನಾನು ಡಾಕ್ಟರ ಹತ್ತಿರ ಹೋಗಬೇಕಾ? ಸನೋಬರ್ ಅದನ್ನು ಬೇರೆ ಪ್ರಶ್ನೆಗಳ ಜೊತೆ ಪ್ರಿಂಟು ತೆಗೆದು ಹೆಡ್ಮಾಸ್ತರ ಕೋಣೆಗೆ ಒಯ್ದಳು. ಪರೀಕ್ಷೆಯ ಭಯ, ಗಣಿತದ ಭಯ, ಅಪ್ಪನ ಭಯ ಎಂಬ ಪ್ರಶ್ನೆಗಳ ನಡುವೆ ಅದೂ ಒಂದು. ವಾಮದೇವಪ್ಪ ಎಲ್ಲಕ್ಕೂ ಮಮತೆಯಿಂದಲೇ ಉತ್ತರ ಹೇಳಿದರು. ಇದಕ್ಕೆ ಹೇಳಿದ್ದು: ತಾಯಿಗಿಂತ ದೊಡ್ಡ ವೈದ್ಯರಿಲ್ಲ, ಹಿರಿಯರು ಹೇಳಿದ ಪಥ್ಯ ಮಾಡು, ಧೈರ್ಯದಿಂದಿರು. ಅವಳು ಲ್ಯಾಬಿಗೆ ಬಂದು ಅದನ್ನು ಟೈಪು ಮಾಡಿದಳು. ಮಾಡುವಾಗ ಬೆರಳು ಒಂದು ಕಡೆ ನಿಂತಿತು. ಪಕ್ಕದ ಸಂಖ್ಯೆಯನ್ನು ನೋಡಿದಳು. ಆ ವಾರ ಎಷ್ಟೋ ಮಕ್ಕಳು ರಜೆ ಹಾಕಿದ್ದರು, ಇದು ಯಾರಾದರೂ ಆಗಿರಬಹುದಿತ್ತು. ಇನ್ನೊಂದು ಫೈಲು ತೆರೆದರೆ ಸಾಕಿತ್ತು. ಹೊರಗೆ ಜವಾನ ಕಿಟಕಿಗಳನ್ನು ಮುಚ್ಚುತ್ತ ಬರುತ್ತಿದ್ದ. ಹರಿಹರದ ಬಸ್ಸಿಗೆ ಹೊತ್ತಾಗಿತ್ತು. ಅವಳು ಕಂಪ್ಯೂಟರು ಆರಿಸಿ ಎದ್ದಳು. ಮಾತು ಉಳಿಸಿಕೊಂಡಳೋ ಬಸ್ಸು ಹಿಡಿದಳೋ, ಅದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆಯುಧಪೂಜೆಯ ಮರುದಿನ ಸ್ನೇಹಾ ತೀರಿಕೊಂಡ ಸುದ್ದಿ ಕೇಳಿ, ರಜೆಯಲ್ಲೇ ಬಸ್ಸು ಹತ್ತಿ ಬಂದು ಲ್ಯಾಬಿನ ಬೀಗ ತೆಗೆಸಿ ಫೈಲು ತೆರೆದಳು. ಸಂಖ್ಯೆ ಸ್ನೇಹಾಳದೇ. ಉತ್ತರ ಹಾಕಿದ ದಿನದಿಂದ ಆಸ್ಪತ್ರೆಗೆ ಸೇರಿಸಿದ ದಿನದವರೆಗೆ ಅದೇ ಸಂಖ್ಯೆ ಮತ್ತೆ ಮತ್ತೆ ಬಂದು, ಬೇರೆ ಯಾವ ಪುಟಕ್ಕೂ ಹೋಗದೆ, ಆ ಉತ್ತರದ ಪುಟವನ್ನೇ ತೆರೆದು ತೆರೆದು ಹೋಗಿತ್ತು. ಬೇರೆ ಉತ್ತರ ಬಂದಿದೆಯೇ ಎಂದು ನೋಡಲು ಬರುತ್ತಿದ್ದಳೋ, ಅದನ್ನೇ ಓದಿ ಧೈರ್ಯ ತಂದುಕೊಳ್ಳುತ್ತಿದ್ದಳೋ.

ಸ್ನೇಹಾಳ ತಾಯಿ ನಿರ್ಮಲಮ್ಮ ಗೇಟಿನಲ್ಲೇ ನಿಂತಿದ್ದಳು. ನಲವತ್ತರ ಹೆಂಗಸು, ಕಣ್ಣ ಕೆಳಗೆ ಕಪ್ಪು. ಸನೋಬರ್ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಹೋದಾಗ ಅವಳು ಒಂದು ಗಳಿಗೆ ತಡೆದು, ಹಿಂದಿನ ಕಡೆಯಿಂದ ಬರ್ರಿ, ಕಂಪ್ಯೂಟರು ಹಿಂದಿನ ರೂಮಿನಾಗೈತೆ ಎಂದಳು. ಪಡಸಾಲೆಯ ಮಗ್ಗುಲಿಗೇ ದೇವರ ಮನೆ ಇರುವುದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಸನೋಬರ್ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು, ಎತ್ತಿಕೊಂಡದ್ದು ಯಾಕೆಂದು ತಿಳಿಯದೆ ಮತ್ತೆ ಕೆಳಗಿಟ್ಟು, ಬರಿಗಾಲಲ್ಲಿ ಹಿತ್ತಲು ಬಳಸಿ ನಡೆದಳು. ಬಚ್ಚಲಿನ ನೀರು ಹರಿದ ಕಡೆ ಕಾಲು ತಣ್ಣಗಾಯಿತು. ಆ ಬಚ್ಚಲು. ಅವಳು ಬೇಗ ಬೇಗ ದಾಟಿದಳು.

ರೂಮಿನಲ್ಲಿ ಮಗಳ ಮಂಚ ಹಾಗೇ ಇತ್ತು, ಹಾಸಿಗೆ ಸುತ್ತಿಟ್ಟಿದ್ದರು. ಜೋಳದ ವ್ಯಾಪಾರದ ಕೊಟ್ಟೂರೇಶ್, ಮಗಳು ಒಂಬತ್ತನೆಯ ತರಗತಿಯಲ್ಲಿ ಮೊದಲು ಬಂದಳೆಂದು ತಂದ ಕಂಪ್ಯೂಟರಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಅವರು ಈಗ ಮನೆಯಲ್ಲಿ ಕೂರುವುದೇ ಇಲ್ಲ, ಬೆಳಗಾದರೆ ಮಾರ್ಕೆಟ್ ಯಾರ್ಡಿಗೆ ಹೋಗಿಬಿಡುತ್ತಾರೆ ಎಂದು ನಿರ್ಮಲಮ್ಮ ಹೇಳಿದಳು. ಫೋನಿನ ತಂತಿ ಸಿಕ್ಕಿಸಿ, ಕಿರುಗುಟ್ಟುವ ಸದ್ದು ಮುಗಿದು, ಸೈಟು ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಂಡಿತು. ಶಾಲೆಯ ಕಟ್ಟಡದ ಚಿತ್ರ, ಬಾವುಟ, ಆಮೇಲೆ ಆ ಸಾಲು. ಇಬ್ಬರೂ ಅದನ್ನು ನೋಡುತ್ತ ಕೂತರು. ತಾನು ಬರೆದ ಅಕ್ಷರಗಳು ಇಷ್ಟು ಉಲ್ಲಾಸದಿಂದ ಇರಬಾರದಿತ್ತು ಎಂದು ಸನೋಬರ್‌ಗೆ ಅನಿಸಿತು. ಅದಕ್ಕೆ ಬಣ್ಣ ಬೇರೆ ಹಾಕಿದ್ದಳು.

ಇದು ಕರೆಯುವುದು ಹೇಗೆ ಎಂದು ನಿರ್ಮಲಮ್ಮ ಕೇಳಿದಳು. ಸನೋಬರ್ ಹೇಳಿದಳು: ಈ ಯಂತ್ರದೊಳಗೆ ಒಂದು ಗುರುತು ಇದೆ, ಶಾಲೆಯ ಪುಟ ಅದನ್ನಷ್ಟೇ ನೋಡುತ್ತದೆ, ಎದುರಿಗೆ ಯಾರು ಕೂತಿದ್ದಾರೆಂದು ನೋಡುವುದಿಲ್ಲ. ಯಾರು ಕೂತರೂ ಸ್ನೇಹಾ ಎಂದೇ ಅನ್ನುತ್ತದೆ. ನಿರ್ಮಲಮ್ಮ ತಲೆಯಾಡಿಸಿದಳು. ಅರ್ಥವಾಯಿತೋ ಇಲ್ಲವೋ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಇಳಿಸುವವಳಂತೆ ಕೇಳಿದಳು.

"ಇದ್ರಾಗ ಕೂತು ಏನೋ ಬರೀತಿದ್ಲು. ಬಾಗಿಲು ಮುಂದ ಮಾಡ್ಕೊಂಡು. ನನ್ನ ಬಗ್ಗೆ ಏನಾರ ಬರ್ದಾಳೇನು ಟೀಚರ್?"

"ಇಲ್ಲ," ಎಂದಳು ಸನೋಬರ್.

ಅಷ್ಟು ಬೇಗ ಹೇಳಿದ್ದು ಅವಳಿಗೇ ಆಶ್ಚರ್ಯ. ಹೆಡ್ಮಾಸ್ತರ ಮಾತಿಗೆ ಹೆದರಿ ಹೇಳಿದ್ದಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಆ ಹುಡುಗಿ ಬರೆದಿದ್ದಳು. ತಾನು ಕೊಟ್ಟ ಮಾತು ಆ ಹುಡುಗಿಗೆ ಕೊಟ್ಟದ್ದು. ಸತ್ತವರಿಗೆ ಕೊಟ್ಟ ಮಾತು ತೀರುವುದು ಯಾವಾಗ? ನಿರ್ಮಲಮ್ಮನ ಭುಜ ಕೆಳಗಿಳಿಯಿತು. ಉಸಿರು ಬಿಟ್ಟಳು. ಹಂಗಾದರೆ ನನ್ನ ಮೇಲೆ ಸಿಟ್ಟಿರಲಿಲ್ಲ ಅವಳಿಗೆ, ಎಂದು ತನಗೇ ಹೇಳಿಕೊಂಡಳು. ಒಳಗೆ ಹೋಗಿ ಚಹಾ ತಂದಳು, ಗಾಜಿನ ಲೋಟದಲ್ಲಿ, ತನಗೆ ಸ್ಟೀಲಿನದು. ಚಹಾ ಬಿಸಿಯಾಗಿ ಸಿಹಿಯಾಗಿತ್ತು. ಕುಡಿಯುತ್ತ ಅವಳು ಮಾತಾಡತೊಡಗಿದಳು, ತಡೆ ತೆಗೆದ ಕಾಲುವೆಯಂತೆ. ಮದುವೆಯಾದ ಹೊಸದರಲ್ಲಿ ತನಗೂ ಕಾಮಾಲೆ ಆಗಿತ್ತು. ಹಳ್ಳಿಯ ಕಾಟಮ್ಮ ಕೊಟ್ಟ ಔಷಧಿಯಿಂದಲೇ ವಾಸಿಯಾಗಿತ್ತು. ಅದನ್ನೇ ಮಗಳಿಗೂ ಕುಡಿಸಿದಳು, ತಾನೇ ಕೈಯಾರೆ, ಬರಿಹೊಟ್ಟೆಗೆ, ಮಜ್ಜಿಗೆಯಲ್ಲಿ ಕಲಸಿ. ಅಮಾವಾಸ್ಯೆಗೆ ಹೊಳೆದಂಡೆಯ ಉಕ್ಕಡಗಾತ್ರಿಗೂ ಕರೆದುಕೊಂಡು ಹೋದರು, ಬೇನೆ ಕಳೆಯುವ ಅಜ್ಜಯ್ಯನ ಗದ್ದುಗೆಗೆ. ಹುಡುಗಿ ಹೊಳೆಯ ಮೆಟ್ಟಿಲ ಮೇಲೆ ಕೂತು ಏಳಲಿಲ್ಲ, ಸುಸ್ತು ಎಂದಳು. ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದಳಂತೆ, ಅದು ತಿಳಿದದ್ದು ಆಸ್ಪತ್ರೆಯಲ್ಲಿ, ಅವಳಿಗೆ ಎಚ್ಚರ ತಪ್ಪುವ ಮುಂಚೆ. ಡಾಕ್ಟರು ಬೈದರು. ಕೊಟ್ಟೂರೇಶ್ ಬೈಯಲಿಲ್ಲ. ಅವತ್ತಿನಿಂದ ಅವರು ಮಾತೇ ಆಡಿಲ್ಲ.

"ಒಬ್ರಿಗಾದ್ರೂ ಹೇಳಿದ್ರೆ ಉಳೀತಿದ್ಲು," ಎಂದಳು ನಿರ್ಮಲಮ್ಮ. "ಅವರಪ್ಪಗಾಗ್ಲಿ, ಶಾಲ್ಯಾಗಾಗ್ಲಿ. ಯಾರಿಗೂ ಹೇಳ್ಲಿಲ್ಲ ನೋಡ್ರಿ. ಬಾಯಿಲ್ಲದಂಗೆ ಹೋತು ಕೂಸು."

ಸನೋಬರ್ ಲೋಟವನ್ನು ಕೆಳಗಿಟ್ಟಳು. ಕಿಟಕಿಯ ಆಚೆ ಯಾರೋ ಕೊಡಪಾನ ತೊಳೆಯುತ್ತಿದ್ದರು. ಬಾಯಿಲ್ಲದ ಕೂಸು ಎಂಬ ಮಾತು ರೂಮಿನಲ್ಲಿ ನಿಂತುಕೊಂಡಿತು. ಎಲ್ಲವನ್ನೂ ಎರಡು ಸಲ ಕೇಳುವ ಹುಡುಗಿ. ಬೆರಳುಗಳಲ್ಲಿ ಶಕ್ತಿ ಇಲ್ಲದೆ, ಬಾಗಿಲು ಮುಂದೆ ಮಾಡಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದಿರಬೇಕು. ಈಗ ಅವಳೇ ಹೇಳದೆ ಸತ್ತವಳಾಗುತ್ತಿದ್ದಾಳೆ, ಅವಳದೇ ತಪ್ಪಾಗುತ್ತಿದೆ. ಈ ಮನೆಯಲ್ಲಿ ಇನ್ನು ಮುಂದೆ ಹೀಗೆಯೇ ಹೇಳಿಕೊಳ್ಳುತ್ತಾರೆ, ಬಂದವರಿಗೆ, ನೆಂಟರಿಗೆ, ತಮಗೆ ತಾವೇ. ಗುಟ್ಟು ಕಾಯುವುದೆಂದರೆ ಇದೂ ಸೇರುತ್ತದೆಯೇ? ತನ್ನ ಗಂಟಲಿನಿಂದ ದನಿ ಹೊರಟದ್ದು ಅವಳಿಗೆ ಸ್ವಲ್ಪ ತಡವಾಗಿ ಕೇಳಿಸಿತು.

"ಹೇಳಿದ್ಲು. ಹೇಳಿದ್ಲು ಅಮ್ಮಾರೆ, ನಮಗೆ ಹೇಳಿದ್ಲು."

ಎಲ್ಲವನ್ನೂ ಹೇಳಿದಳು. ಸೈಟಿನಲ್ಲಿ ಆ ಪುಟ ಇನ್ನೂ ಇತ್ತು. ನಿರ್ಮಲಮ್ಮ ಓದಿ ಹೇಳ್ರಿ ಎಂದದ್ದಕ್ಕೆ ಓದಿದಳು. ಹೇಳಿದರೆ ನೊಂದುಕೊಳ್ಳುತ್ತಾಳೆ ಎಂಬುದನ್ನು ಬಿಡೋಣವೆನಿಸಿತು, ಬಿಡಲಿಲ್ಲ. ಉತ್ತರವನ್ನೂ ಓದಿದಳು. ತಾಯಿಗಿಂತ ದೊಡ್ಡ ವೈದ್ಯರಿಲ್ಲ ಎಂಬುದನ್ನು ಕೇಳುವಾಗ ನಿರ್ಮಲಮ್ಮ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಉತ್ತರ ಯಾರದು ಎಂದು ಕೇಳಿದಳು. ಹೆಡ್ಮಾಸ್ತರು ಹೇಳಿದರು, ನಾನು ಬರೆದೆ ಎಂದಳು ಸನೋಬರ್.

"ಅವಳೇ ಅಂತ ನಿಮಗ ಗೊತ್ತಿತ್ತೇನು?"

"ತಿಳ್ಕೋಬೋದಿತ್ತು. ತಿಳ್ಕಳ್ಳಿಲ್ಲ."

ಬೈಗುಳಕ್ಕೆ, ಹೊಡೆತಕ್ಕೆ, ಹೊರಗೆ ಹೋಗು ಎನ್ನುವುದಕ್ಕೆ ಅವಳು ಸಿದ್ಧಳಾಗಿದ್ದಳು. ಬೇಕಾಗಿಯೂ ಇತ್ತೇನೋ. ನಿರ್ಮಲಮ್ಮ ಆಡಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಕಾಳಿನಲ್ಲಿ ಕಲ್ಲು ಆರಿಸುವಾಗಿನ ನಿಧಾನ ಇತ್ತು.

"ತಿಳ್ಕೊಂಡಿದ್ರೂ ನೀವು ಇಲ್ಲಿತನಕ ಬರ್ತಿದ್ರೋ ಇಲ್ಲೋ. ಬಂದಿದ್ರೂ ನಾನು ಒಳಗ ಕರೀತಿರಲಿಲ್ಲ. ಔಷಧಿ ಬ್ಯಾಡ ಅಂತ ನೀವು ನನಗ ಹೇಳಿದ್ರೆ, ಈಕಿ ಯಾರು ಹೇಳಾಕ ಅಂತಿದ್ದೆ."

ಸನೋಬರ್‌ಗೆ ಇದು ಕ್ಷಮೆಯೆಂದು ತೋರಲಿಲ್ಲ. ಇಬ್ಬರ ನಡುವೆ ಒಂದು ಬಾಗಿಲಿತ್ತು, ಅದನ್ನು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಹಾಕಿಕೊಂಡಿದ್ದರು, ಹುಡುಗಿ ನಡುವೆ ನಿಂತಿದ್ದಳು, ಅಷ್ಟೆ. ಇನ್ನು ಆ ಹೆಸರನ್ನು ತೆಗೆಯಿರಿ, ಇದ್ದರೆ ಅದು ಕರೆಯುತ್ತದೆಂದು ನಾನು ದಿನಾ ಬಂದು ಕೂಡುತ್ತೇನೆ ಎಂದಳು ನಿರ್ಮಲಮ್ಮ. ಗುರುತನ್ನು ಅಳಿಸಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ಹೋಗಿದೆಯೋ ಎಂದು ನೋಡಲು ಸನೋಬರ್ ಪುಟವನ್ನು ಮತ್ತೆ ತೆರೆದಳು. ಶಾಲೆಯ ಚಿತ್ರ, ಬಾವುಟ, ಅದರ ಕೆಳಗೆ ಖಾಲಿ ಚೌಕ. ನಿಮ್ಮ ಹೆಸರೇನು ಎಂದು ಅದು ಕೇಳುತ್ತಿತ್ತು. ಚೌಕದೊಳಗೆ ಸಣ್ಣ ಗೆರೆಯೊಂದು ಮಿಣುಕುತ್ತ ಕಾಯುತ್ತಿತ್ತು. ನಿರ್ಮಲಮ್ಮ ಅದನ್ನು ನೋಡಿದಳು, ಏನು ಕೇಳುತ್ತಿದೆ ಎಂದು ವಿಚಾರಿಸಲಿಲ್ಲ. ಎದ್ದು ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಹೋಗುವಾಗ ಪಡಸಾಲೆಯಿಂದಲೇ ಹೋಗ್ರಿ ಎಂದಳು. ಸನೋಬರ್ ಪಡಸಾಲೆಯಿಂದ ಹೊರಗೆ ಬಂದಳು. ದೇವರ ಮನೆಯ ಕಡೆ ನೋಡದಂತೆ ತಲೆ ತಗ್ಗಿಸಿ ನಡೆದಳು; ನೋಡಿದರೆ ತಪ್ಪಾಗುತ್ತಿತ್ತೋ, ನೋಡದ್ದು ತಪ್ಪಾಯಿತೋ.

ಮರುದಿನ ವಾಮದೇವಪ್ಪನವರಿಗೂ ಹೇಳಿದಳು. ಅವರು ಅಂಗೈ ಎತ್ತಿ ತಡೆದರೂ ನಿಲ್ಲಿಸಲಿಲ್ಲ. ಕೇಳಿ ಮುಗಿದ ಮೇಲೆ ನಾವೇನು ಡಾಕ್ಟರೇ ಎಂದರು. ಎರಡು ಸಲ ಎಂದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ದರೆಂದು ಜವಾನ ಹೇಳಿದ. ಆ ವಾರವೇ ಅವಳು ಪುಟದ ಮೇಲಿನ ಸಾಲನ್ನು ಅಳಿಸಿ ಬೇರೆ ಬರೆದಳು: ಹೆಸರು ಬರೆಯದಿದ್ದರೂ ನೀವು ಯಾರೆಂದು ನನಗೆ ಗೊತ್ತಾಗಬಹುದು. ಜೀವಕ್ಕೆ ಅಪಾಯವಿದೆ ಎನಿಸಿದರೆ ಗೊತ್ತು ಮಾಡಿಕೊಂಡು ನಿಮ್ಮ ಮನೆಗೆ ಬರುತ್ತೇನೆ. ತರಗತಿಯಲ್ಲೂ ಬಾಯಿಬಿಟ್ಟು ಹೇಳಿದಳು. ಗುರುತು ಹೇಗೆ ಹಿಂದೆ ಬರುತ್ತದೆ, ಅದನ್ನು ಅಳಿಸುವುದು ಹೇಗೆ ಎಂದು ಕಲಿಸಿಕೊಟ್ಟಳು. ಈ ಸಲ ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಾನು ಹಿಂದೆ ಬರೆದದ್ದನ್ನು ನೆನೆದುಕೊಂಡು ಅಳುವುದಕ್ಕೇ ಶುರು ಮಾಡಿದಳು. ಅವಳು ಬರೆದದ್ದು ಯಾವುದೆಂದು ತನಗೆ ಗೊತ್ತಿಲ್ಲ ಎಂದು ಸನೋಬರ್ ಎಷ್ಟು ಹೇಳಿದರೂ ನಂಬಲಿಲ್ಲ. ಅದಾದ ಮೇಲೆ ಪ್ರಶ್ನೆಗಳ ಪುಟಕ್ಕೆ ಯಾರೂ ಬರೆಯಲಿಲ್ಲ. ಪ್ರತಿದಿನ ಬೆಳಿಗ್ಗೆ ತೆರೆದು ನೋಡುತ್ತಿದ್ದಳು. ಖಾಲಿ. ಆ ಮೌನದ ಹಿಂದೆ ಎಷ್ಟು ಜನ ಕೂತು ಬರೆಯದೆ ಎದ್ದು ಹೋಗುತ್ತಿದ್ದಾರೋ ಎಂದು ಯೋಚಿಸಿದರೆ, ಸುಳ್ಳು ಹೇಳಿ ತೆರೆದಿಟ್ಟ ಬಾಗಿಲು ಮೇಲೋ ನಿಜ ಹೇಳಿ ಮುಚ್ಚಿದ ಬಾಗಿಲು ಮೇಲೋ ಎಂಬ ಪ್ರಶ್ನೆ ಅವಳನ್ನು ಹಿಂಡುತ್ತಿತ್ತು. ಡಿಸೆಂಬರಿನಲ್ಲಿ ಮಂಡಳಿಯವರು ಆ ಪುಟವನ್ನೇ ತೆಗೆಸಿದರು. ವಾಮದೇವಪ್ಪ ಅವಳ ಕೆಲಸಕ್ಕೆ ಅಡ್ಡ ನಿಂತು ಕಾಪಾಡಿದರು, ಆದರೆ ಅವಳೊಡನೆ ಕಣ್ಣು ಕೊಟ್ಟು ಮಾತಾಡುವುದನ್ನು ಬಿಟ್ಟರು.

ಇಸವಿ ಮುಗಿಯಲು ಕೆಲವೇ ದಿನ ಇದ್ದಾಗಿನ ಒಂದು ಸಂಜೆ ಅವಳು ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದು ಮನೆಯ ಕಡೆ ಹೊರಟಿದ್ದಳು. ಹಳ್ಳಿಯ ಬಸ್ಸುಗಳು ನಿಲ್ಲುವ ಕಡೆ ಹೆಂಗಸೊಬ್ಬಳು ಚೀಲದ ಮೇಲೆ ಕೂತಿದ್ದಳು. ಅವಳ ತೊಡೆಗೆ ಆತುಕೊಂಡು ಏಳೆಂಟು ವರ್ಷದ ಹುಡುಗಿ, ತಲೆಗೆ ಸ್ಕಾರ್ಫು ಕಟ್ಟಿದ್ದರು. ಸೂರ್ಯ ಹೊಳೆಯ ಸೇತುವೆಯ ಆಚೆ ಇಳಿಯುತ್ತಿದ್ದ. ನಿಲ್ದಾಣದ ಕಂಬಗಳು, ಬಸ್ಸಿನ ತಗಡು, ಕಡಲೆಕಾಯಿ ಮಾರುವವನ ಬಿಳಿ ಅಂಗಿ, ಎಲ್ಲವೂ ಹಳದಿಯಾಗಿದ್ದವು. ಮಗು ತಲೆಯೆತ್ತಿ ಸನೋಬರ್‌ಳ ಕಡೆ ನೋಡಿತು. ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು. ಬೆಳಕಿನದೇ ಇರಬೇಕು. ಸನೋಬರ್ ಎರಡು ಹೆಜ್ಜೆ ಮುಂದೆ ಹೋದಳು, ನಿಂತಳು, ಹಿಂದಕ್ಕೆ ಬಂದಳು. ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ತೋರಿಸು ನೋಡೋಣ ಎಂದು ಗಲ್ಲ ಹಿಡಿಯಹೋದಳು. ತಾಯಿ ಥಟ್ಟನೆ ಸೆರಗಿನಿಂದ ಮಗುವಿನ ಮುಖ ಮುಚ್ಚಿ ಎದೆಗೆ ಎಳೆದುಕೊಂಡಳು. ಏನು ನೋಡೋದೈತೆ, ದೃಷ್ಟಿ ಆಗಿ ಮೊದಲೇ ಸುಸ್ತಾಗೇತಿ ಎಂದಳು. ಊಟ ಮಾಡುತ್ತದೆಯೇ, ಜ್ವರ ಇದೆಯೇ ಎಂದು ಸನೋಬರ್ ಕೇಳಿದಳು, ತಾನು ಟೀಚರು ಎಂದಳು. ಹೆಂಗಸು ಚೀಲ ಎತ್ತಿಕೊಂಡು, ಕಡರನಾಯಕನಹಳ್ಳಿಯ ಕಡೆಗೆ ಹೋಗುವ ಬಸ್ಸು ಬಂದದ್ದೇ ತಡ ಮಗುವನ್ನು ದೂಡಿಕೊಂಡು ಹತ್ತಿಬಿಟ್ಟಳು. ಕಡಲೆಕಾಯಿಯವನು ನೋಡುತ್ತಿದ್ದ. ಇನ್ನಿಬ್ಬರು ನೋಡುತ್ತಿದ್ದರು. ಸನೋಬರ್‌ಗೆ ಕಿವಿ ಬಿಸಿಯಾದವು. ಮನೆಯಲ್ಲಿ ಅಮ್ಮೀ ದೀಪ ಹಚ್ಚಿ ಬಾಗಿಲಲ್ಲಿ ನಿಂತಿರುತ್ತಾಳೆ. ಬೆಳಕಿನದೇ ಇರಬೇಕು, ಬರೀ ಬೆಳಕಿನದು.

ಬಸ್ಸು ಅಲುಗಿತು. ಅವಳು ಓಡಿ ಹಿಂದಿನ ಬಾಗಿಲ ಸರಳು ಹಿಡಿದು ಹತ್ತಿದಳು. ನಿಂತವರ ನಡುವೆ ತೂರಿಕೊಂಡು, ಆ ಹೆಂಗಸಿನ ಸೀಟಿನ ಹಿಂದೆ ಬಂದು ನಿಂತಳು. ಕಂಡಕ್ಟರು ಟಿಕೆಟು ಹರಿಯುತ್ತ ಬಂದು ಎಲ್ಲಿಗೆ ಎಂದು ಕೇಳಿದ. ಆ ದಾರಿಯ ಊರುಗಳ ಹೆಸರು ಒಂದೂ ಅವಳ ಬಾಯಿಗೆ ಬರಲಿಲ್ಲ. ಹೆಂಗಸು ತಿರುಗಿ ನೋಡಿದಳು. ಅವಳ ಮುಖದಲ್ಲಿ ಮೊದಲು ಭಯ, ಆಮೇಲೆ ಸಿಟ್ಟು.

"ಇವರು ಎಲ್ಲಿ ಇಳೀತಾರೋ ಅಲ್ಲಿಗೆ," ಎಂದಳು ಸನೋಬರ್.